ಡಬಲ್ ಸೀಟಿನ ಕೂಸಿನ ಗಾಡಿ ಮತ್ತು ನಮ್ಮ ಮನೆಯವರು

ಹೋದ ತಿಂಗಳು ನಾರಾಯಣಪೇಟೆಯ ಬಜಾರಿನಲ್ಲಿ, ಉಟ್ಕೂರಿಗೆ ಹೊರಟಿದ್ದ ಶೇರ್ ಆಟೋ ಒಂದು ನಮ್ಮ ಚಿನ್ನಿಯಿಂದ ಗೇಣು ದೂರದಲ್ಲಿ ಬಂದು ನಿಂತಿತು.

ಚಿನ್ನಿ ಯಾರೆಂದು ಈ ಅಂಕಣ ಓದುವವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನನ್ನ ಮಗಳು. ಇನ್ನೂ ಮೂರು ತುಂಬಿಲ್ಲ. ಕಾಲಿಗೆ ಬ್ರೇಕ್ ಇಲ್ಲ. ಆವತ್ತು ನನ್ನ ಬಗಲಲ್ಲಿ ಅವಳ ತಮ್ಮ ಪುಟ್ಟು ಇದ್ದ (ವರ್ಷ ತುಂಬಿಲ್ಲ, ತೂಕ ಮಾತ್ರ ಅಕ್ಕಿ ಮೂಟೆಯದು). ಇನ್ನೊಂದು ಕೈಯಲ್ಲಿ ಕಾಯಿಪಲ್ಲೆ ಚೀಲ. ಅದೇ ಕೈಯ ಕಿರುಬೆರಳಿಗೆ ಚಿನ್ನಿ. ರಸ್ತೆಯ ಆಚೆ ಬದಿ ಒಂದು ಆಡಿನ ಮರಿ ಕಾಣಿಸಿತು. ಕಿರುಬೆರಳು ಖಾಲಿಯಾಯಿತು.

ಆಟೋದವನು ಇಳಿದು, ಅವಳನ್ನು ಎತ್ತಿ ತಂದು ನನ್ನ ಮುಂದೆ ನಿಲ್ಲಿಸಿದ. ಬಯ್ಯುತ್ತಾನೆ ಎಂದುಕೊಂಡೆ. ಬಯ್ಯಲಿಲ್ಲ.

"ಅಕ್ಕಾ, ಇರೋವು ಎರಡು ಕೈ. ಎಷ್ಟಂತ ಹಿಡೀತೀರಿ?" ಎಂದ.

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಬಂದು ಚೀಲ ಕೆಳಗಿಟ್ಟು, ಅಲ್ಲೇ ಕೂತು ಅತ್ತುಬಿಟ್ಟೆ. ಅದಾದ ಮೇಲೆ ಒಬ್ಬಳೇ ಮಕ್ಕಳನ್ನು ಕರೆದುಕೊಂಡು ಹೊಸ್ತಿಲು ದಾಟುವ ಧೈರ್ಯ ಬರಲಿಲ್ಲ.

ಮಕ್ಕಳ ಅಪ್ಪ ಎಲ್ಲಿದ್ದರು ಎಂದು ಕೇಳುತ್ತೀರಾ? ಅಂಗಡಿಯಲ್ಲಿದ್ದರು. ನಮ್ಮದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಆದರೆ ಅವರು ಜೊತೆಗಿದ್ದರೂ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ. ಮನೆಯೊಳಗೆ ಅವರಂಥ ಅಪ್ಪ ಸಿಗುವುದು ಕಷ್ಟ. ಮುಕಳಿ ತೊಳೆಯುತ್ತಾರೆ, ಜೋಗುಳ ಹಾಡುತ್ತಾರೆ (ರಾಗ ಕೇಳಬೇಡಿ), ಅನ್ನ ಕಲಸಿ ತಿನ್ನಿಸುತ್ತಾರೆ. ಹೊಸ್ತಿಲು ದಾಟಿದರೋ, ಮುಗಿಯಿತು. ಬಿಸಿ ಪಾತ್ರೆ ದಾಟಿಸುವಂತೆ ಕೂಸನ್ನು ನನ್ನ ಕೈಗೆ ದಾಟಿಸಿಬಿಡುತ್ತಾರೆ.

"ಬಜಾರದಾಗ ನನ್ನ ಗಿರಾಕಿ ಇರ್ತಾರ. ಕೂಸು ಎತ್ತಿಕೊಂಡು ಹೊಂಟ್ರ ಹೆಂಗ ಕಾಣ್ತೈತಿ?"

"ಅಪ್ಪನಂಗ ಕಾಣ್ತೈತ್ರಿ" ಎಂದೆ.

ಅವರಿಗೆ ಹೊಳೆಯಲಿಲ್ಲ.

ಹಾಗಾಗಿ ನಾನೇ ದಾರಿ ಹುಡುಕಿದೆ. ಇಬ್ಬರನ್ನೂ ಕೂರಿಸಿ, ಬೆಲ್ಟ್ ಹಾಕಿ, ತಳ್ಳಿಕೊಂಡು ಹೋಗುವ ಡಬಲ್ ಸೀಟಿನ ಗಾಡಿ. ಮೊಬೈಲಿನಲ್ಲಿ ನೋಡಿದರೆ ಅದರಲ್ಲಿ ಎರಡು ಜಾತಿ. ಒಂದರಲ್ಲಿ ಮಕ್ಕಳು ಜೋಡಿ ಎತ್ತಿನಂತೆ ಅಕ್ಕಪಕ್ಕ. ಇನ್ನೊಂದರಲ್ಲಿ ಬಸ್ಸಿನ ಸೀಟಿನಂತೆ ಹಿಂದೆ ಮುಂದೆ. ಫೋಟೋದಲ್ಲಿ ಎರಡನ್ನೂ ತಳ್ಳುತ್ತಿದ್ದವರು ಹೈ ಹೀಲ್ಸ್ ಹಾಕಿದ, ಚೆನ್ನಾಗಿ ನಿದ್ದೆ ಮಾಡಿದ ತಾಯಂದಿರು. ರಸ್ತೆಯಲ್ಲಿ ಒಂದು ಎಮ್ಮೆಯೂ ಇಲ್ಲ. ಅಂಥ ಫೋಟೋ ನಂಬಿ ನಾರಾಯಣಪೇಟೆಗೆ ಗಾಡಿ ತರಿಸುವುದಾದರೂ ಹೇಗೆ? ಕಣ್ಣಾರೆ ನೋಡಿಯೇ ಕೊಳ್ಳಬೇಕು ಎಂದು ತೀರ್ಮಾನಿಸಿದೆ.

ನಮ್ಮ ಅತ್ತೆಗೆ ಇದು ಹಿಡಿಸಲಿಲ್ಲ. "ಗಾಡ್ಯಾಗ ಕುಂತು ಬೆಳೆದ ಕೂಸು ನಡಿಯಾಕ ಕಲೀತೈತೇನವ್ವ?"

"ಚಿನ್ನಿ ನಡಿಯೋದು ಎಲ್ಲೈತ್ರಿ ಅತ್ತಿ. ಬರೇ ಓಡ್ತಾಳ."

ಅತ್ತೆ ಕಾಲು ನೀವಿಕೊಂಡರು. ಅವಳ ಹಿಂದೆ ಓಡಿ ಓಡಿ ಅವರ ಮೊಣಕಾಲೂ ಸೋತಿತ್ತು.

ಭಾನುವಾರ ಅಂಗಡಿಗೆ ರಜೆ. ಮೊದಲು ಹೋದದ್ದು ಮಕ್ತಲಿಗೆ, ನನ್ನ ನಾದಿನಿ ಶರಣಮ್ಮನ ಮನೆಗೆ. ಅವಳಿಗೆ ಅವಳಿ ಮಕ್ಕಳು. ಅವರು ಹುಟ್ಟಿದಾಗ ಹೈದರಾಬಾದಿನ ನೆಂಟರು ಅಕ್ಕಪಕ್ಕದ ಸೀಟಿನ ಗಾಡಿ ಕೊಟ್ಟಿದ್ದರು. ಈಗ ಅವಳಿಗಳು ಶಾಲೆಗೆ ಹೋಗುತ್ತಾರೆ. ಗಾಡಿ ಹಿತ್ತಿಲ ಕಡೆಯ ಪಡಸಾಲೆಯಲ್ಲಿತ್ತು. ಒಂದು ಸೀಟಿನಲ್ಲಿ ಉಳ್ಳಾಗಡ್ಡಿ, ಇನ್ನೊಂದರಲ್ಲಿ ಬೆಳ್ಳುಳ್ಳಿ, ಎರಡಕ್ಕೂ ಬೆಲ್ಟ್ ಹಾಕಿತ್ತು.

"ಇದು ಹೊರಗ ಹೋಗಿದ್ದ ಕಡಿಮಿ ಅತ್ತಿಗಿ. ನಮ್ಮ ಗೇಟಿನಾಗ ಹಿಡಿಯಂಗಿಲ್ಲ" ಎಂದಳು ಶರಣಮ್ಮ.

ಹಿಡಿಯಲಿಲ್ಲ. ಗಾಡಿಯನ್ನು ಮಗ್ಗುಲಿಗೆ ವಾಲಿಸಿ ಹೊರಗೆ ತೆಗೆದು, ಸಿಪ್ಪೆ ಕೊಡವಿ, ಮಕ್ಕಳನ್ನು ಕೂರಿಸಿ ಬಜಾರಿನ ಕಡೆ ಒಂದು ಸುತ್ತು ಹೊರಟೆವು. ಎಡಕ್ಕೆ ಸಾಲಾಗಿ ನಿಲ್ಲಿಸಿದ ಬೈಕುಗಳು, ಬಲಕ್ಕೆ ಮೋರಿ, ಎದುರಿಗೆ ಬಾಳೆಹಣ್ಣಿನ ತಳ್ಳುಬಂಡಿ. ನಾನು ನಿಂತೆ. ಬಾಳೆಹಣ್ಣಿನವನೂ ನಿಂತ. ಇಬ್ಬರ ಬಂಡಿಯೂ ಒಂದೇ ಅಗಲ. ಯಾರು ಹಿಂದೆ ಸರಿಯಬೇಕು? ಅಷ್ಟರಲ್ಲಿ ಹಿಂದಿನಿಂದ ಲಾರಿಯ ಹಾರ್ನ್.

"ಅಮ್ಮಾ, ಬಂಡಿ ಸೈಡುಕು ತೀಯಂಡಿ" ಎಂದು ಲಾರಿಯವನು ತೆಲುಗಿನಲ್ಲಿ ಕೂಗಿದ. ಸೈಡಿಗೆ ತೆಗೆಯಲು ಸೈಡ್ ಎಲ್ಲಿತ್ತು?

ಇತ್ತ ಗಾಡಿಯೊಳಗೆ ಬೇರೆಯೇ ಯುದ್ಧ. ಚಿನ್ನಿ ತಮ್ಮನ ಟೋಪಿ ಎಳೆದಳು. ಪುಟ್ಟು ಅಕ್ಕನ ಜುಟ್ಟು ಹಿಡಿದ. ಬಿಡಿಸಲು ನಾನು ಬಗ್ಗಿದೆ. ಬಾಳೆಹಣ್ಣಿನವನು ಕನಿಕರಪಟ್ಟು ಇಬ್ಬರ ಕೈಗೂ ಒಂದೊಂದು ಹಣ್ಣು ಕೊಟ್ಟು, ತನ್ನ ಬಂಡಿಯನ್ನು ಹಿಂದಕ್ಕೆ ತೆಗೆದ.

"ಬಾಜೂ ಬಾಜೂ ಕುಂತ್ರ ಹಿಂಗ ಆಗ್ತೈತಿ" ಎಂದಳು ಶರಣಮ್ಮ. "ಗದ್ವಾಲದಾಗ ಹಿಂದ ಮುಂದ ಕೂಡ್ರೋದು ಐತಂತ. ನೋಡ್ಕೊಂಡು ಬರ್ರಿ."

ಇಷ್ಟೂ ಹೊತ್ತು ನಮ್ಮವರು ಎಲ್ಲಿದ್ದರು? ಸ್ವಲ್ಪ ಹಿಂದೆ, ಬೇರೆ ಯಾರದೋ ಸಂಸಾರ ಎಂಬಂತೆ ಮೊಬೈಲ್ ನೋಡುತ್ತ ಬರುತ್ತಿದ್ದರು.

ಗದ್ವಾಲದ ಬಸ್ಸು ಹತ್ತಿದೆವು. ಜುರಾಲಾ ಅಣೆಕಟ್ಟಿನ ಮೇಲೆ ಹೋಗುವಾಗ ನೀರು ನೋಡಲು ಚಿನ್ನಿ ಕಿಟಕಿಯಿಂದ ಹೊರಗೆ ಬಾಗಿದಳು. ಒಂದು ಕೈಯಲ್ಲಿ ಅವಳ ಫ್ರಾಕ್ ಹಿಡಿದೆ, ಇನ್ನೊಂದರಲ್ಲಿ ಪುಟ್ಟುವನ್ನು. ನಮ್ಮವರ ತೊಡೆಯ ಮೇಲೆ ಡೈಪರ್ ಚೀಲ ಆರಾಮಾಗಿ ಕೂತಿತ್ತು.

ಗದ್ವಾಲದ ಅಂಗಡಿಯವರು ನಡುವಯಸ್ಸಿನವರು. "ಏಂ ಕಾವಾಲಮ್ಮಾ?" ಎಂದು, ಏನು ಬೇಕೆಂದು ತೆಲುಗಿನಲ್ಲಿ ವಿಚಾರಿಸಿ, ನಾನು ಮಗಳಿಗೆ ಗದರಿದ್ದು ಕೇಳಿ ಕನ್ನಡಕ್ಕೆ ಹೊರಳಿದರು. ಹಿಂದೆ ಮುಂದೆ ಸೀಟಿನ ಗಾಡಿ ನಿಜಕ್ಕೂ ಇತ್ತು. ಅಗಲ ಕಡಿಮೆ, ಎಂಥ ಓಣಿಯಲ್ಲೂ ನುಗ್ಗುತ್ತದೆ. ಆದರೆ ಮುಂದೆ ಯಾರು ಕೂರಬೇಕು? ಪುಟ್ಟುವನ್ನು ಮುಂದೆ ಕೂರಿಸಿದರೆ ಚಿನ್ನಿ ಹಿಂದಿನಿಂದ ಅವನ ಸೀಟಿಗೆ ಒದ್ದಳು. ಚಿನ್ನಿಯನ್ನು ಮುಂದೆ ಕೂರಿಸಿದರೆ ಪುಟ್ಟು ಏನೂ ಕಾಣದೆ ಬಾಯಿ ತೆಗೆದ. ನನಗೂ ಅಳು ಬರುವಂತಾಯಿತು. ಬೆಳಿಗ್ಗೆಯಿಂದ ಬಗಲಿನ ಭಾರಕ್ಕೆ ಸೊಂಟ ಹಿಡಿದುಕೊಂಡಿತ್ತು.

"ಹಿಂದಿನ ಸೀಟು ಎತ್ತರ ಮಾಡಬಹುದ್ರಿ ಅಮ್ಮಾ" ಎಂದರು ಅಂಗಡಿಯವರು, ಏನನ್ನೋ ಒತ್ತುತ್ತ. "ಮುಂದಿನ ಗಾಲಿ ಸುತ್ತ ತಿರುಗ್ತಾವ. ನಾಲ್ಕಕ್ಕೂ ಸಸ್ಪೆನ್ಷನ್ ಐತಿ, ಕುಲುಕಂಗಿಲ್ಲ."

ಸಸ್ಪೆನ್ಷನ್.

ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದ ನಮ್ಮವರ ಕಿವಿ ನೆಟ್ಟಗಾಯಿತು. ಮೊಬೈಲ್ ಜೇಬಿಗೆ ಹೋಯಿತು. ಒಳಗೆ ಬಂದವರೇ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ನೆಲಕ್ಕೆ ಮೊಣಕಾಲೂರಿ ಗಾಡಿಯ ಅಡಿಗೆ ತಲೆ ಹಾಕಿದರು.

"ಸ್ಪ್ರಿಂಗ್ ಏನ್ರಿ? ಬೇರಿಂಗ್ ಐತೋ ಇಲ್ಲೋ? ಬ್ರೇಕ್ ಹಿಂದಿಂದಕ್ಕ ಅಷ್ಟ ಏನು?"

ಮದುವೆಗೆ ನನ್ನನ್ನು ನೋಡಲು ಬಂದಾಗಲೂ ಅವರು ಇಷ್ಟು ಪ್ರಶ್ನೆ ಕೇಳಿರಲಿಲ್ಲ.

ಗಾಲಿ ತಿರುಗಿಸಿದರು. ಬ್ರೇಕ್ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಆಮೇಲೆ ಎದ್ದು ಕೈ ಕೊಡವಿ, "ಲೋಡ್ ಹಾಕಿ ನೋಡಬೇಕು" ಎಂದರು. ಲೋಡ್ ಎಂದರೆ ನಮ್ಮ ಮಕ್ಕಳು. ಇಬ್ಬರನ್ನೂ ಕೂರಿಸಿ, ಬೆಲ್ಟ್ ಎಳೆದು ನೋಡಿ, ಅಂಗಡಿಯವರ ಅಪ್ಪಣೆ ಪಡೆದು ರಸ್ತೆಗೆ ಇಳಿಸಿಯೇಬಿಟ್ಟರು.

ನಾನು ಅಂಗಡಿಯಲ್ಲಿ ಉಳಿದೆ. ಒಬ್ಬಳೇ.

ನಗಬೇಡಿ, ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಪುಟ್ಟು ಹುಟ್ಟಿದ ಮೇಲೆ ಮನೆಯ ಹೊರಗೆ ನನ್ನ ಎರಡೂ ಕೈ ಒಟ್ಟಿಗೆ ಖಾಲಿಯಾದದ್ದು ಅದೇ ಮೊದಲು. ಸೆರಗು ಸರಿಮಾಡಿಕೊಂಡೆ. ಮತ್ತೆ ಸರಿಮಾಡಿಕೊಂಡೆ. ಅಂಗಡಿಯವರು ಚಹಾ ತರಿಸಿಕೊಟ್ಟರು. ಬಿಸಿ ಇರುವಾಗಲೇ ಪೂರ್ತಿ ಕುಡಿದೆ. ಬಿಸಿ ಚಹಾ ಇಷ್ಟು ರುಚಿ ಎಂಬುದು ಮರೆತೇಹೋಗಿತ್ತು.

ಚಹಾ ಮುಗಿದರೂ ಲೋಡ್ ವಾಪಸ್ ಬರಲಿಲ್ಲ. ಗಾಬರಿಯಾಗಿ ಹುಡುಕಿಕೊಂಡು ಹೊರಟೆ. ಕೋಟೆಯ ಬಾಗಿಲ ಹತ್ತಿರ ಗಂಡಸರ ಗುಂಪೊಂದು ಸೇರಿತ್ತು. ಯಾರಿಗೆ ಏನಾಯಿತೋ? ನುಗ್ಗಿ ನೋಡಿದರೆ, ನಡುವೆ ನಮ್ಮ ಗಾಡಿ. ಮಕ್ಕಳಿಬ್ಬರೂ ಬಿಸ್ಕೆಟ್ ತಿನ್ನುತ್ತಿದ್ದರು. ನಮ್ಮವರು ಒಂದು ಕೈ ಹಿಡಿಕೆಯ ಮೇಲಿಟ್ಟು, ಹೊಸ ಟ್ರ್ಯಾಕ್ಟರ್ ಕೊಂಡವರ ಗತ್ತಿನಲ್ಲಿ ವಿವರಿಸುತ್ತಿದ್ದರು. ಧರೂರಿನಿಂದ ಬಂದ ರೈತರೊಬ್ಬರು ಬಗ್ಗಿ ಗಾಲಿ ಒತ್ತಿ ನೋಡಿದರು.

"ಗಟ್ಟಿ ಐತಿ. ಕೆಸರಾಗ ಹೋಗ್ತೈತೇನ್ರಿ?"

"ಹೋಗ್ತೈತ್ರಿ. ಆದ್ರ ಗಾಲಿ ಇನ್ನೂ ಒಂಚೂರು ದೊಡ್ಡವು ಬೇಕಾಗಿತ್ತು" ಎಂದರು ನಮ್ಮವರು, ಗಂಭೀರವಾಗಿ.

"ಒಳಗ ಇರೋವು ನಿಮ್ಮವ ಏನು?"

"ಹೌದ್ರಿ, ನನ್ನವ. ಇಬ್ಬರೂ ನನ್ನವ."

ಬಜಾರಿನಲ್ಲಿ, ಅಷ್ಟು ಜನರ ಮುಂದೆ, ಆ ಮಾತು ಅವರ ಬಾಯಿಂದ ಮೊದಲ ಸಲ ಕೇಳಿದೆ. ಸಿಟ್ಟು ಮಾಡಬೇಕೆಂದಿದ್ದವಳು ಗುಂಪಿನಲ್ಲಿ ನಿಂತು ಬ್ರೇಕಿನ ವಿವರವನ್ನೂ ಪೂರ್ತಿ ಕೇಳಿದೆ.

ಗಾಡಿ ಕೊಂಡೆವು. ಈಗ ದಿನಾ ಸಂಜೆ ನಾರಾಯಣಪೇಟೆಯಲ್ಲಿ ಅದನ್ನು ತಳ್ಳುವವರು ಅವರೇ. ನನ್ನ ಕೈಗೆ ಕೊಡುವುದಿಲ್ಲ, "ನಿನಗ ಟರ್ನಿಂಗ್ ಬರಂಗಿಲ್ಲ" ಎನ್ನುತ್ತಾರೆ. ಗಿರಾಕಿಗಳು ಎದುರಾದರೆ ತಾವೇ ನಿಂತು ಬ್ರೇಕ್ ತೋರಿಸುತ್ತಾರೆ. ವಾರಕ್ಕೊಮ್ಮೆ ಗಾಲಿಗಳಿಗೆ ಎಣ್ಣೆ, ಸೀಟಿಗೆ ಒಗೆತ. ಮಕ್ಕಳು ಮನೆಗೆ ಬರುವಷ್ಟರಲ್ಲಿ ಅರ್ಧ ನಿದ್ದೆಯಲ್ಲಿರುತ್ತಾರೆ. ಈ ಅಂಕಣವನ್ನೂ ಅಂಥ ಒಂದು ಸಂಜೆಯೇ ಬರೆದೆ. ಎರಡೂ ಕೈಯಲ್ಲಿ.

ಮೊನ್ನೆ ಅತ್ತೆ ಕಟ್ಟೆಯ ಮೇಲೆ ಕೂತು, ಓಣಿಯ ತಿರುವಿನಲ್ಲಿ ಮಗ ಗಾಡಿ ತಳ್ಳಿಕೊಂಡು ಹೋಗುವುದನ್ನು ನೋಡುತ್ತಿದ್ದರು.

"ಇವನಪ್ಪ ಇವನನ್ನ ಒಂದು ದಿನಾನೂ ಹೊರಗ ಎತ್ತಿಕೊಂಡವರಲ್ಲ" ಎಂದರು. "ನಮಗ ಗೊತ್ತಾಗಲಿಲ್ಲವ್ವ. ಗಾಲಿ ಹಚ್ಚಿ ಕೊಡಬೇಕಾಗಿತ್ತು" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

ಓದುಗರಿಗೆ ಒಂದು ಪ್ರಶ್ನೆ: ನಮ್ಮವರು ಇನ್ನೂ ಮುಟ್ಟದ ಗ್ಯಾಸ್ ಒಲೆಗೆ ಸಸ್ಪೆನ್ಷನ್ ಹಾಕಿಕೊಡುವವರು ನಿಮ್ಮ ಕಡೆ ಯಾರಾದರೂ ಇದ್ದಾರೆಯೇ?