ಮಲ್ಲಿ ಹೇಳಿಕೊಟ್ಟ ಕೇಕ್

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಗೀಟಕ್ಕ ಎಂದೇ ಕರೆಯುತ್ತಿದ್ದರು. ಅವಳು ಮಡಿಸಿದ ಹಾಸುಬಟ್ಟೆಯ ಅಂಚು ಸ್ಕೇಲಿಟ್ಟು ಗೀಟು ಎಳೆದಷ್ಟು ನೇರ. ಹೆಸರಿಟ್ಟವಳು ಮಲ್ಲಿ. ಮಲ್ಲಿ ಎನ್ನುವುದೂ ಹೆತ್ತವರು ಇಟ್ಟ ಹೆಸರಲ್ಲ. ಮಾತಿನಮಲ್ಲಿ ಎಂದು ಯಾರೋ ಕರೆದದ್ದು ಬಾಯಿಂದ ಬಾಯಿಗೆ ಸವೆದು ಅಷ್ಟಕ್ಕೆ ನಿಂತಿತ್ತು. ಒಬ್ಬಳು ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಹೆದರುವವಳು, ಇನ್ನೊಬ್ಬಳು ಗೋಡೆಯ ಹತ್ತಿರವೂ ಕಷ್ಟಸುಖ ವಿಚಾರಿಸುವವಳು. ಇಂಥ ಇಬ್ಬರನ್ನು ಒಂದೇ ಹಾಸುಬಟ್ಟೆಯ ಎರಡು ತುದಿಗೆ ನಿಲ್ಲಿಸಿದ ಮೇಸ್ತ್ರಿಗೆ ತಾನೇನು ಮಾಡಿದೆ ಎಂಬ ಅರಿವೇ ಇರಲಿಲ್ಲ.

ಹಾಸುಬಟ್ಟೆಯನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಬಿಸಿ ಉರುಳೆಯ ಯಂತ್ರದಿಂದ ಅದು ಗರಿಗರಿಯಾಗಿ ಹೊರಗೆ ಬಂದಾಗ ಇಬ್ಬರು ಎರಡೆರಡು ಮೂಲೆ ಹಿಡಿದು, ಒಮ್ಮೆ ಕೊಡವಿ, ಒಬ್ಬರ ಕಡೆಗೊಬ್ಬರು ನಡೆದು ಬರಬೇಕು. ಬೆರಳಿಗೆ ಬೆರಳು ತಾಗುತ್ತದೆ, ಮೂಲೆ ಕೈ ಬದಲಾಗುತ್ತದೆ, ಮತ್ತೆ ಹಿಂದಕ್ಕೆ ಹೋಗಬೇಕು. ದಿನಕ್ಕೆ ನಾನೂರು ಸಲ, ಇಪ್ಪತ್ತೆರಡು ವರ್ಷ. ಎಷ್ಟೋ ಗಂಡ ಹೆಂಡತಿ ಇಡೀ ಜನ್ಮದಲ್ಲಿ ಅಷ್ಟು ಸಲ ಎದುರಾಬದುರಾಗಿರುವುದಿಲ್ಲ. ಆದರೂ ಅವರದು ಸಂಬಂಧವಂತೆ, ಇವರದು ಬರೀ ಕೆಲಸವಂತೆ.

ಗೀಟಕ್ಕನಿಗೆ ಐವತ್ತೈದು ವರ್ಷ. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ, ಒಂದು ಅಡುಗೆಮನೆ. ಅದೇ ಕೋಣೆಯಲ್ಲಿ ಅವಳ ತಾಯಿ ಹಾಸಿಗೆ ಹಿಡಿದು, ಅಲ್ಲೇ ಕಣ್ಣು ಮುಚ್ಚಿದ್ದರು. ತಾಯಿಯ ಸೇವೆಯಲ್ಲಿ ಮದುವೆಯ ವಯಸ್ಸು ದಾಟಿಹೋಗಿತ್ತು. ದಾಟಿದ್ದು ಗೊತ್ತಾದಾಗ ಅವಳಿಗೆ ದುಃಖಕ್ಕಿಂತ ಸುಸ್ತೇ ಹೆಚ್ಚಾಗಿತ್ತು. ತಮ್ಮನೊಬ್ಬನಿದ್ದಾನೆ, ನೆನಪಾದಾಗ ಫೋನು ಮಾಡುತ್ತಾನೆ, ನೆನಪು ಸ್ವಲ್ಪ ಕಡಿಮೆ. ಸಂಜೆ ಲಾಂಡ್ರಿಯ ಗೇಟು ದಾಟಿದರೆ ಅವಳ ಕಿವಿಗೆ ಮುಂದಿನ ಮಾತು ಬೀಳುತ್ತಿದ್ದದ್ದು ಮರುದಿನ ಬೆಳಗ್ಗೆ, ಮಲ್ಲಿಯ ಬಾಯಿಂದ: "ಬಂದ್ಯಾ? ನಿನ್ನೆ ಏನಾಯ್ತು ಗೊತ್ತಾ?"

ನಿನ್ನೆ ಏನಾಯಿತೆಂದು ಮಲ್ಲಿ ಹೇಳುತ್ತಿದ್ದಳು. ಮಗಳ ಹಲ್ಲಿಗೆ ತಂತಿ ಹಾಕಿಸಿದ್ದು, ಗಂಡ ಚಾವಣಿ ಸರಿಮಾಡಲು ಹೋಗಿ ಏಣಿಯ ಮೇಲೇ ಸಿಕ್ಕಿಕೊಂಡದ್ದು, ತಾನು ಎಷ್ಟೆಲ್ಲ ಅಡುಗೆ ಮಾಡಿ ಬಂದೆನೆನ್ನುವುದು. ಮಧ್ಯಾಹ್ನ ಬಾಯ್ಲರಿನ ಹಿಂದೆ ಕೂತು ಅವಳ ಡಬ್ಬಿ ತೆರೆದರೆ ಲಾಂಡ್ರಿಯ ಸೋಪಿನ ವಾಸನೆಯೇ ಹಿಂದೆ ಸರಿಯುತ್ತಿತ್ತು. ಏನು ಕೈಗುಣ ಕಣೇ ನಿನ್ನದು ಎಂದು ಹೆಂಗಸರೆಲ್ಲ ಒಂದೊಂದು ತುತ್ತು ಕಿತ್ತುಕೊಳ್ಳುತ್ತಿದ್ದರು.

ಇನ್ನು ಆ ಕೇಕ್. ವರ್ಷಕ್ಕೊಮ್ಮೆ, ತನ್ನ ಹುಟ್ಟಿದ ದಿನ, ಮಲ್ಲಿ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಗ್ರೀನ್ ಟೀ ಹಾಕಿದ ಕೇಕ್ ತರುತ್ತಿದ್ದಳು. ಎಳೆ ಚಿಗುರಿನ ಬಣ್ಣ. ಏಳು ಪದರ, ಪದರ ಪದರದ ನಡುವೆ ತೆಳ್ಳಗೆ ಬಿಳಿ ಕ್ರೀಮ್. ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ನಾಲಿಗೆಯ ಹಿಂದೆ ಒಂದಿಷ್ಟೇ ಕಹಿ. ಅರ್ಧ ಇಲ್ಲಿ, ಉಳಿದರ್ಧ ಮನೆಗೆ.

"ನಾನೇ ಮಾಡಿದ್ದು ಕಣೆ. ಬೆಳಗ್ಗೆ ನಾಲ್ಕಕ್ಕೇ ಎದ್ದಿದೀನಿ."

"ಹೇಗೆ ಮಾಡ್ತೀಯ?" ಎಂದು ಗೀಟಕ್ಕ ಒಮ್ಮೆ ಕೇಳಿದ್ದಳು. ಅವಳಾಗಿ ಒಂದು ಪ್ರಶ್ನೆ ಕೇಳುವುದೇ ಅಪರೂಪ. ಮಲ್ಲಿ ಹಾಸುಬಟ್ಟೆಯ ಆ ತುದಿಯಿಂದ ಹೇಳುತ್ತ ಬಂದಳು.

"ಮೂರು ಬಟ್ಟಲು ಮೈದಾ, ನಾಲ್ಕು ಮೊಟ್ಟೆ, ಬೆಣ್ಣೆ ಕೈಗೆ ಬಂದಷ್ಟು, ಗ್ರೀನ್ ಟೀ ಎರಡು ಹಿಡಿ. ಎಡಗೈಲೇ ಕಲಸಬೇಕು, ನೆನಪಿಟ್ಕೋ. ಬಲಗೈಲಿ ಕಲಸಿದ್ರೆ ಗಟ್ಟಿಯಾಗಿಬಿಡತ್ತೆ."

"ಬೇಯೋದು ಎಷ್ಟು ಹೊತ್ತು?"

"ಘಮ್ ಅನ್ನೋವರೆಗೆ!"

ಗೀಟಕ್ಕ ಅಷ್ಟನ್ನೂ ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಳು. ಮನಸ್ಸಿನಲ್ಲಿ ಒಂದು ಮುಳ್ಳು ಮಾತ್ರ ಉಳಿದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮಲ್ಲಿ ಒಮ್ಮೆಯೂ ಅವಳನ್ನು ಮನೆಗೆ ಕರೆಯಲಿಲ್ಲ. ಎರಡು ಬಸ್ಸಿನ ದೂರ ಅಷ್ಟೆ. ಬೇರೆಯವರ ಮನೆಯ ಹಾಲಿನವನ ಕತೆಯನ್ನೂ ಹೇಳುವವಳು, "ಬಾ ಒಂದ್ಸಲ" ಎನ್ನುವ ಎರಡು ಮಾತಿಗೆ ಬಂದಾಗ ಮೂಗಿಯಾಗುತ್ತಿದ್ದಳು.

ಒಂದೂವರೆ ವರ್ಷದ ಕೆಳಗೆ ಮಲ್ಲಿ ಹೊಟ್ಟೆಯ ಆಪರೇಶನ್ನಿಗೆಂದು ಹತ್ತು ದಿನ ರಜೆ ಹಾಕಿದಳು. ಹನ್ನೆರಡನೇ ದಿನ ಮೇಸ್ತ್ರಿ ಪಾಳಿಯ ಪಟ್ಟಿ ಓದುತ್ತ, ನಡುವೆ ಒಂದು ಹೆಸರಿಗೆ ನಿಂತು, "ಆಕೆ ತೀರಿಕೊಂಡರಂತೆ, ಮೂರು ದಿನ ಆಯ್ತಂತೆ," ಎಂದು ಹೇಳಿ ಮುಂದಿನ ಹೆಸರು ಓದಿದ. ಎಲ್ಲ ಮುಗಿದುಹೋಗಿತ್ತು. ಹೋಗಿ ಮುಖ ನೋಡುವ ಹಾಗೂ ಇರಲಿಲ್ಲ. ಮೂರು ದಿನ ತಾನು ಅವಳು ಬರುವ ದಾರಿ ಕಾಯುತ್ತ ಹಾಯಾಗಿ ಉಂಡು ಮಲಗಿದ್ದೆನಲ್ಲ ಎನ್ನುವುದು ಗೀಟಕ್ಕನ ಎದೆಯಲ್ಲಿ ಕಲ್ಲಾಗಿ ಕೂತಿತು. ರಜೆ ಕೇಳಲು ಹೋದರೆ ಅರ್ಜಿಯಲ್ಲಿ "ಮೃತರೊಂದಿಗಿನ ಸಂಬಂಧ" ಎಂಬ ಖಾನೆಯಿತ್ತು. ಅವಳು ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತು, ಅರ್ಜಿಯನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಮರಳಿದಳು. ಉಗಿಯ ನಡುವೆ ಕಣ್ಣು ತುಂಬಿದಾಗ ಪಕ್ಕದವಳು, "ನಿಮಗೇನಾಗಬೇಕಿತ್ತು ಅವರು?" ಎಂದಳು. ಕೆಟ್ಟ ಮನಸ್ಸಿನಿಂದಲ್ಲ, ಬರೀ ತಿಳಿಯಲೆಂದು. ಗೀಟಕ್ಕ ಕಣ್ಣೊರೆಸಿಕೊಂಡು, "ಸೋಪು ಬಿತ್ತು," ಎಂದಳು. ಆಮೇಲೆ ಅಳಲೇ ಇಲ್ಲ.

ಅವಳನ್ನು ದಿಂಬಿನ ಕವರಿನ ಮೇಜಿಗೆ ಹಾಕಿದರು. ದಿಂಬಿನ ಕವರನ್ನು ಒಬ್ಬರೇ ಮಡಿಸಬಹುದು.

ಮಲ್ಲಿ ಇಲ್ಲದ ಮೊದಲ ಹುಟ್ಟುಹಬ್ಬ ಹಾಗೇ ಕಳೆಯಿತು. ಎರಡನೆಯದು ಈ ಸಲ ವಾರದ ರಜೆಯ ದಿನವೇ ಬೀಳುತ್ತಿತ್ತು. ಅದಕ್ಕೆ ಒಂದು ತಿಂಗಳಿರುವಾಗ ಗೀಟಕ್ಕ ಮೇಸ್ತ್ರಿಯ ಮುಂದೆ ನಿಂತು ಮಲ್ಲಿಯ ಮನೆಯ ವಿಳಾಸ ಕೇಳಿದಳು. ಕೇಕ್ ಮಾಡಿ ತೆಗೆದುಕೊಂಡು ಹೋಗುವುದೆಂದು ಅವಳ ತೀರ್ಮಾನ. ಬರಿಗೈಯಲ್ಲಿ ಹೋದರೆ ಯಾವ ಬಾಯಿಂದ ಒಳಗೆ ಬರಲೇ ಎನ್ನುವುದು? ಕೇಕಿದ್ದರೆ ಕೊಟ್ಟು ಬರಲು ಒಂದು ನೆಪವಾದರೂ ಇರುತ್ತದೆ. ಅವಳಿಗೆ ನಿಜಕ್ಕೂ ತಿಳಿಯಬೇಕಾಗಿದ್ದದ್ದು ಒಂದೇ: ಆ ಮನೆಯಲ್ಲಿ ತನ್ನ ಮಾತು ಒಂದು ಸಲವಾದರೂ ಬಂದಿತ್ತೇ? ತಾನು ಮಲ್ಲಿಗೆ ಯಾರಾದರೂ ಆಗಿದ್ದೆನೇ, ಇಲ್ಲ ಹಾಸುಬಟ್ಟೆಯ ಆ ತುದಿ ಮಾತ್ರವೇ?

ಮೊದಲ ಭಾನುವಾರದ ಕೇಕು ಹುಲ್ಲುಗಾವಲಾಯಿತು. ಗ್ರೀನ್ ಟೀ ಎಂದರೆ ಅವಳಿಗೆ ಗೊತ್ತಿದ್ದದ್ದು ದಾರದ ಚೀಲಗಳು. ನಲವತ್ತು ಚೀಲ ಹರಿದು ಎರಡು ಹಿಡಿ ಎಲೆ ಸುರಿದಿದ್ದಳು. ಹಸುವಾಗಿದ್ದರೆ ಮೆಚ್ಚಿಕೊಳ್ಳುತ್ತಿತ್ತು. ನುಣ್ಣನೆಯ ಪುಡಿಯೇ ಬೇರೆ ಸಿಗುತ್ತದೆಂದು ಅಂಗಡಿಯವನು ಹೇಳಿದ ಮೇಲೆ ಎರಡನೆಯ ಭಾನುವಾರ ಎರಡು ಹಿಡಿ ಪುಡಿ ಹಾಕಿದಳು. ಅದು ಕೆಮ್ಮಿನ ಔಷಧಿಯನ್ನು ನಾಚಿಸುವಷ್ಟು ಕಹಿಯಾಗಿ, ಪದರಗಳು ಮೇಲೇಳದೆ ಬಾಣಲೆಯ ತಳಕ್ಕೆ ಅಂಟಿಕೊಂಡವು. ಕೆಳಗಿನ ಅಂಗಡಿಯವನು ಕಂಡಿದ್ದರೆ ಚಪ್ಪಲಿಯ ಅಟ್ಟೆಗೆ ಕೇಳುತ್ತಿದ್ದ. ಮೈದಾ ಪೊಟ್ಟಣದ ಹಿಂದೆ ಕೇಕಿಗೆ ಬೇಕಿಂಗ್ ಪೌಡರ್ ಹಾಕಬೇಕೆಂದು ದೊಡ್ಡ ಅಕ್ಷರದಲ್ಲೇ ಬರೆದಿತ್ತು. ಗೀಟಕ್ಕ ಅದನ್ನು ಎರಡು ಸಲ ಓದಿದಳು. ಆದರೆ ಮಲ್ಲಿ ಹಾಗೆ ಹೇಳಿರಲಿಲ್ಲ. ಪೊಟ್ಟಣ ಯಾರು, ಮಲ್ಲಿ ಯಾರು? ತಪ್ಪೆಲ್ಲ ತನ್ನ ಕೈಯದೇ ಎಂದುಕೊಂಡು ಅವಳು ಮೂರನೆಯ ಸಲ ಇನ್ನೂ ಶ್ರದ್ಧೆಯಿಂದ ಎಡಗೈಯಲ್ಲಿ ಕಲಸಿದಳು. ಟೀ ಪುಡಿಯನ್ನು ಮಾತ್ರ ಹಿಡಿಯಿಂದ ಚಮಚಕ್ಕೆ ಇಳಿಸಿದಳು. ಅಷ್ಟಕ್ಕೇ ಮಲ್ಲಿಗೆ ಎರಡು ಬಗೆದವಳಂತೆ ಮುಖ ಸಣ್ಣದು ಮಾಡಿಕೊಂಡಳು.

ಹುಟ್ಟಿದ ದಿನ ಬೆಳಗ್ಗೆ ನಾಲ್ಕಕ್ಕೆ ಎದ್ದಳು. ಓವನ್ ಇಲ್ಲ, ದಪ್ಪ ತಳದ ಬಾಣಲೆಯಲ್ಲಿ ಒಂದೊಂದೇ ಪದರ, ಮೇಲೆ ತಟ್ಟೆ ಮುಚ್ಚಿ. ಒಂದು ಪದರಕ್ಕೆ ಹದಿನೈದು ನಿಮಿಷ. ಪ್ರತಿ ಸಲವೂ ತಟ್ಟೆ ಎತ್ತಿ ಮೂಗು ಹತ್ತಿರ ತಂದು ಘಮ್ ಎನ್ನುವುದೇ ಎಂದು ನೋಡುವುದು. ಕಿಟಕಿಯಾಚೆ ಬೆಳಕಾಯಿತು, ಎದುರು ಮನೆಯವರು ರೇಡಿಯೋ ಹಾಕಿದರು, ಆರಿಸಿದರು. ಏಳು ಪದರ ಮುಗಿಯುವ ಹೊತ್ತಿಗೆ ಅವಳು ಯಾರೊಂದಿಗೂ ಒಂದು ಮಾತಾಡಿರಲಿಲ್ಲ, ಆಡಲು ಯಾರೂ ಇರಲಿಲ್ಲ. ಪದರಗಳು ತೆಳ್ಳಗೆ, ಗಟ್ಟಿಯಾಗಿ ಬಂದಿದ್ದವು. ನಡುವೆ ಕ್ರೀಮ್ ಸವರಿ ಒಂದರ ಮೇಲೊಂದಿಟ್ಟು, ಚೂರಿಯಿಂದ ಅಂಚು ಕತ್ತರಿಸಿದಳು. ಅಂಚು ಮಾತ್ರ ಗೀಟಿನಂತಿತ್ತು. ಪಕ್ಕಕ್ಕೆ ಬಿದ್ದ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಇದು ಅವಳ ಕೇಕಲ್ಲ ಎಂದು ತಿಳಿದು, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಎದ್ದು ಡಬ್ಬಿಗೆ ತುಂಬಿದಳು.

ಎರಡು ಬಸ್ಸು ಬದಲಿಸಿ, ನೀಲಿ ಬಾಗಿಲಿನ ಮನೆಯೊಂದರ ಗಂಟೆ ಒತ್ತಿದಾಗ ಮಧ್ಯಾಹ್ನವಾಗಿತ್ತು. ಬಾಗಿಲು ತೆಗೆದವಳು ಇಪ್ಪತ್ತೈದರ ಹುಡುಗಿ. ಮಲ್ಲಿಯದೇ ಗದ್ದ, ಸಾಲಾಗಿ ಕೂತ ಹಲ್ಲು. ಮಗಳೇ ಇರಬೇಕು.

"ಲಾಂಡ್ರಿಯಿಂದ ಬಂದಿದೀನಿ. ನಿಮ್ಮಮ್ಮನ ಜೊತೆ ಕೆಲಸ ಮಾಡ್ತಿದ್ದೆ," ಎಂದಳು ಗೀಟಕ್ಕ.

"ಪೆನ್ಶನ್ ಕಾಗದ ಎಲ್ಲ ಕೊಟ್ಟಾಗಿದೆಯಲ್ಲ?"

"ಅದಕ್ಕಲ್ಲ. ಇವತ್ತು ಅವಳ..." ಗೀಟಕ್ಕ ಡಬ್ಬಿಯನ್ನೇ ಮುಂದೆ ಹಿಡಿದಳು.

ಹುಡುಗಿ ಡಬ್ಬಿ ನೋಡಿದಳು, ಅವಳ ಮುಖ ನೋಡಿದಳು. "ಗೀಟಕ್ಕಾನಾ?" ಎಂದವಳೇ ಒಳಗೆ ತಿರುಗಿ ಕೂಗಿದಳು. "ಅಪ್ಪಾ! ಬೇಗ ಬನ್ನಿ! ಕೇಕ್ ದೊಡ್ಡಮ್ಮ ಬಂದಿದಾರೆ!"

ಗೀಟಕ್ಕ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಬಂದರೇನೋ ಎಂದು.

ಅಡುಗೆಮನೆಯಿಂದ ಸೌಟು ಹಿಡಿದೇ ಬಂದ ಸಣಕಲು ಮನುಷ್ಯ ಮಲ್ಲಿಯ ಗಂಡ. "ಬನ್ನಿ ಬನ್ನಿ. ಇಪ್ಪತ್ತು ವರ್ಷ ನಿಮ್ಮ ಕೇಕ್ ತಿಂದಿದೀವಿ, ಮುಖ ನೋಡೋಕೆ ಇವತ್ತು ಸಿಕ್ತು. ಕರ್ಕೊಂಡು ಬಾರೇ ಅಂದ್ರೆ, ಆಕೆಗೆ ನಾಚಿಕೆ, ಯಾರ ಮನೆಗೂ ಬರಲ್ಲ ಅಂತಿದ್ಲು."

"ನನ್ನ ಕೇಕಾ?"

"ಮತ್ತಿನ್ಯಾರದು? ಅವಳ ಹುಟ್ಟುಹಬ್ಬಕ್ಕೆ ತಪ್ಪದೆ ಮಾಡಿ ಕಳಿಸ್ತಿದ್ರಲ್ಲ. ಹೊರಗಿನ ತಿಂಡಿ ನಾನು ಈ ಮನೆ ಹೊಸ್ತಿಲು ದಾಟಿಸಲ್ಲ. ನಿಮ್ಮದು ಮನೇಲಿ ಮಾಡಿದ್ದು ಅಂತ ಅದೊಂದಕ್ಕೆ ಮಾಫಿ."

ಗೀಟಕ್ಕ ಒಳಗೆ ಬಂದು ಸಿಕ್ಕಿದ ಕುರ್ಚಿಯಲ್ಲಿ ಕೂತಳು. "ಅವಳು... ಮನೇಲಿ ಏನೂ ಮಾಡ್ತಿರಲಿಲ್ವಾ? ಡಬ್ಬಿ ಎಲ್ಲ?"

"ಡಬ್ಬಿ ಅಪ್ಪಂದೇ," ಎಂದು ಮಗಳು ನಕ್ಕಳು. "ಅಮ್ಮನಿಗೆ ನೀರು ಕಾಯಿಸೋಕೆ ಹೇಳಿದ್ರೂ ತಳ ಹಿಡಿಸ್ತಿದ್ರು. ಮೊಟ್ಟೆ ಒಡೆದ್ರೆ ಅರ್ಧ ಸಿಪ್ಪೆ ಒಳಗೆ."

ನಾಲ್ಕು ಮೊಟ್ಟೆ, ಕೈಗೆ ಬಂದಷ್ಟು ಬೆಣ್ಣೆ, ಎಡಗೈ! ಅಲ್ಲೇ, ಹಾಸುಬಟ್ಟೆ ಕೊಡವುತ್ತಲೇ, ಬಾಯಿಗೆ ಬಂದದ್ದನ್ನು ಕಟ್ಟಿ ಹೇಳಿದ್ದಳು ಕಳ್ಳಿ. ಬಸ್ಸು ಬದಲಿಸುವ ದಾರಿಯಲ್ಲಿ ಯಾವ ಅಂಗಡಿಯಿಂದ ಕೊಂಡು ತರುತ್ತಿದ್ದಳೋ. ಅಡುಗೆ ಬರುವುದಿಲ್ಲ ಎನ್ನಲು ಲಾಂಡ್ರಿಯಲ್ಲಿ ನಾಚಿಕೆ, ಕೊಂಡದ್ದು ಎನ್ನಲು ಮನೆಯಲ್ಲಿ ಹೆದರಿಕೆ. ಅಲ್ಲಿ ನಾನು ಮಾಡಿದೆ, ಇಲ್ಲಿ ಗೀಟಕ್ಕ ಮಾಡಿದಳು ಎಂದಳು. ಲಾಂಡ್ರಿಗೂ ಮನೆಗೂ ನಡುವೆ ಸುಳ್ಳಿನ ಗೋಡೆ ಕಟ್ಟಿ, ಅದು ಬೀಳದಿರಲೆಂದು ಗೆಳತಿಯನ್ನು ಇಪ್ಪತ್ತೆರಡು ವರ್ಷ ಹೊರಗೇ ನಿಲ್ಲಿಸಿದಳು. ಗೀಟಕ್ಕನಿಗೆ ಸಿಟ್ಟು ಬಂತು. ಸತ್ತವಳ ಮೇಲೆ ಅಷ್ಟು ಸಿಟ್ಟು ಬರಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಅದರ ಬೆನ್ನಿಗೇ, ಈ ಮನೆಯಲ್ಲಿ ವರ್ಷವರ್ಷವೂ ತನ್ನ ಹೆಸರು ಹೇಳಿ ತಿಂದಿದ್ದಾರೆ ಎನ್ನುವುದೂ ತಿಳಿಯಿತು.

"ಹೋದ ವರ್ಷ ಕಾದ್ವಿ," ಎಂದ ಗಂಡ, ಮೆಲ್ಲಗೆ. "ಅವಳೇ ಹೋದ ಮೇಲೆ ನಮಗ್ಯಾಕೆ ಮಾಡ್ತಾರೆ ಅಂದುಕೊಂಡ್ವಿ. ಆದ್ರೂ ಸಂಜೆವರೆಗೂ ಬಾಗಿಲು ತೆಗೆದೇ ಇಟ್ಟಿದ್ದೆ."

ಮಗಳು ಮೂರು ತಟ್ಟೆ ತಂದಳು. ಮೂವರೂ ಬಾಯಿಗಿಟ್ಟರು. ಮಗಳು ತಂದೆಯ ಮುಖ ನೋಡಿದಳು. ಅವನು ಬೆರಳಿನಿಂದ ಒಂದು ಪದರ ಒತ್ತಿ, ಕೈ ಪಳಗಿದ ಅಡುಗೆಯವರು ಮಾಡುವಂತೆ ಹುಬ್ಬು ಗಂಟಿಕ್ಕಿದ.

"ತಪ್ಪು ತಿಳ್ಕೋಬೇಡಿ. ಮೊದಲಿನ ಥರ ಉಬ್ಬಿಲ್ಲ. ಏನೋ ಬಿಟ್ಟುಹೋಗಿದೆ ಅಲ್ವಾ?"

ನಿಜ ಹೇಳಲು ಒಂದು ಮಾತು ಸಾಕಿತ್ತು. ಹೇಳಿದರೆ ಮಲ್ಲಿ ತನ್ನ ಮನೆಯಲ್ಲೇ, ತನ್ನ ಹುಟ್ಟಿದ ದಿನವೇ ಸುಳ್ಳುಗಾತಿಯಾಗುತ್ತಾಳೆ. ಹೇಳದಿದ್ದರೆ ಗೀಟಕ್ಕ ತಾನು ಮಾಡದ ಕೇಕಿನ ಹೆಗ್ಗಳಿಕೆ ಹೊತ್ತು ಕೂರಬೇಕು. ಜನ್ಮದಲ್ಲಿ ಒಂದು ಸುಳ್ಳು ನೆಟ್ಟಗೆ ಹೇಳಲು ಬಾರದವಳು ಅವಳು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಅದು ನಾನೊಬ್ಬಳೇ ಮಾಡ್ತಿದ್ದದ್ದಲ್ಲ," ಎಂದಳು. "ಇಬ್ಬರೂ ಸೇರಿ ಮಾಡ್ತಿದ್ವಿ. ಕೊನೇಲಿ ಏನೋ ಒಂದು ಹಾಕೋಳು, ಅವಳೇ. ಏನು ಹಾಕ್ತಿದ್ಲು ಅಂತ ನಾನು ಕೇಳ್ಕೊಳ್ಳಲೇ ಇಲ್ಲ."

ಗಂಡ ತಲೆಯಾಡಿಸಿದ. ನೀರು ಕಾಯಿಸಲೂ ಬಾರದ ಮಲ್ಲಿ ಕೇಕು ಮಾಡುತ್ತಿದ್ದಳೇ ಎಂದು ಅವನು ಕೇಳಲಿಲ್ಲ. ತಟ್ಟೆಯಲ್ಲಿದ್ದ ಗಟ್ಟಿ ಪದರವನ್ನು ಚೂರೂ ಬಿಡದೆ ತಿಂದ, ಇನ್ನೊಂದು ತುಂಡು ಹಾಕಿಕೊಂಡ. ಅದನ್ನು ನೋಡುತ್ತ ನೋಡುತ್ತ ಗೀಟಕ್ಕನಿಗೆ ಒಂದೂವರೆ ವರ್ಷದ ಅಳು ಒಮ್ಮೆಗೇ ಬಂತು, ದನಿ ತೆಗೆದು, ಮೂಗು ಸೋರುವ ಹಾಗೆ. ಮಗಳು ಅವಳ ಕೈಯಿಂದ ತಟ್ಟೆ ತೆಗೆದು ಪಕ್ಕಕ್ಕಿಟ್ಟು, ತಾನೂ ಅಳುತ್ತ ಅವಳಿಗೆ ಒತ್ತಿ ಕೂತಳು. ಅವರಿಬ್ಬರೂ ಅವಳನ್ನು ಅಳಲು ಬಿಟ್ಟರು.