ನೀರೊಲೆ ಹೊತ್ತಿನ ಮಂಚಯ್ಯ

ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಊರ ಹೆಸರು ಬೇಡ, ಯಾಕೆ ಅಂತ ಓದುತ್ತಾ ನಿಮಗೇ ತಿಳಿಯುತ್ತೆ. ಕೋಳಿ ಈಗಷ್ಟೇ ಕೂಗಿದೆ. ಹಿತ್ತಿಲ ಬಚ್ಚಲಲ್ಲಿ ಅಜ್ಜಿಯೊಬ್ಬಳು ಹಂಡೆಯ ಕೆಳಗೆ ತೆಂಗಿನ ಗರಿ ತುರುಕುತ್ತಿದ್ದಾಳೆ. ಬೇಲಿಯಾಚೆಯಿಂದ ಮಂಚಯ್ಯ ಕೇಳುತ್ತಾರೆ: "ಬೀಡಿಗೆ ಒಂಚೂರು ಕೆಂಡ ಕೊಡವ್ವಾ."

ಮಂಚಯ್ಯ ಬೀಡಿ ಬಿಟ್ಟು ಆರು ವರ್ಷವಾಯಿತು. ಆದರೂ ಜೇಬಿನಲ್ಲಿ ಒಂದು ಕಟ್ಟು ಇದ್ದೇ ಇರುತ್ತೆ. ಜನ ಏನುಣ್ಣುತ್ತಾರೆ, ಎಷ್ಟು ಹೊಗೆಸೊಪ್ಪು ಅಗಿಯುತ್ತಾರೆ, ಎಷ್ಟು ಬೀಡಿ ಸೇದುತ್ತಾರೆ ಅಂತ ದೇಶದುದ್ದಕ್ಕೂ ನಡೆಯುವ ಸರ್ಕಾರಿ ಸರ್ವೆಗೆ ಈ ಸೀಮೆಯಲ್ಲಿ ಕೇಳಿ ಬರೆಯುವವರು ಅವರು. ದಿನಕ್ಕೆ ಎಂಟು ಮೈಲಿ ನಡಿಗೆ, ಐದು ಮನೆ.

ಐವತ್ಮೂರನೇ ಇಸವಿಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಜಗಲಿ ಮೇಲೆ ಕೂತು, ಗಂಡಸರ ಎದುರಿಗೇ ಕೇಳಿದರು. ಹೆಂಗಸರ ಬೀಡಿ ಸಾಲಿನಲ್ಲಿ ಬರೀ ಸೊನ್ನೆ. ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದ ನನಗೆ ಹೇಳುತ್ತಾರೆ: "ನಮ್ಮನೇಲೂ ಸೊನ್ನೆ ಅಂತ್ಲೇ ನಂಬಿದ್ದೆ ಸಾ. ನಮ್ಮ ಗಂಗಾಂಬಿಕೆಗೆ ಕೆಮ್ಮು ಜೋರಾಗಿ ಹಾಸನದ ಆಸ್ಪತ್ರೆಗೆ ಕರ್ಕೊಂಡೋದೆ. ಡಾಕ್ಟ್ರು ಕೇಳಿದ್ಕೆ ಅತ್ಬುಟ್ಲು. ಮದ್ವೆಯಾದಾಗಿಂದ ನೀರೊಲೆ ಮುಂದೆ ಸೇದ್ತಿದ್ಲಂತೆ. ಒಲೆ ಹೊಗೇಲಿ ಬೀಡಿ ಹೊಗೆ ಯಾರಿಗ್ ಗೊತ್ತಾಯ್ತದೆ?" ಆವತ್ತೇ ಗಂಡಹೆಂಡತಿ ಇಬ್ಬರೂ ಬಿಟ್ಟರು. "ಇದ್ನೂ ಬರ್ಕೊಳ್ಳಿ ಸಾ. ಅವಳೇ ಬರ್ಕೊಳ್ಳಲಿ ಅಂದವ್ಳೆ."

ಅಂದಿನಿಂದ ಮಂಚಯ್ಯ ಹೆಂಗಸರನ್ನು ಕೇಳುವುದು ನೀರೊಲೆ ಹೊತ್ತಿನಲ್ಲೇ.

ಕೆಂಡ ಕೇಳಿದ ಈ ಅಜ್ಜಿಯ ಮಗ ಮೊನ್ನೆ ಎದೆ ಉಬ್ಬಿಸಿ ಹೇಳಿದ್ದಾನೆ: "ನಮ್ಮ ಹೆಂಗಸ್ರು ಬೀಡಿ ಮುಟ್ಟಾಕಿಲ್ಲ." ಹೊರಡುವಾಗ ಮಂಚಯ್ಯನವರಿಗೆ ಬಚ್ಚಲ ಗೋಡೆಯ ಬಿರುಕಲ್ಲಿ ಮೋಟುಬೀಡಿ ಕಂಡಿತ್ತು. ಪಟ್ಟಿ ನಾಳೆ ಕಳಿಸಬೇಕು.

ಅಜ್ಜಿ ಕೆಂಡ ತರುತ್ತಾಳೆ. ಮಂಚಯ್ಯ ಬೀಡಿಯನ್ನು ಅವಳ ಕಡೆಗೇ ಚಾಚುತ್ತಾರೆ. "ದಿನಕ್ಕೆ ಎಷ್ಟವ್ವ?"

"ಅಯ್ಯೋ, ಮೆತ್ತಗೆ ಮಾತಾಡಪ್ಪ! ಮಗಂಗೆ ಗೊತ್ತಾದ್ರೆ ನಾನು ಸೊಸೆ ಮುಂದೆ ತಲೆ ಎತ್ತಾಂಗಿಲ್ಲ."

"ನಿನ್ನ ಹೆಸ್ರು ಬರೆಯಾಕಿಲ್ಲ. ಹೆಂಗಸು, ವಯಸ್ಸು ಅರವತ್ತು, ಅಷ್ಟೇಯ."

"ಅರವತ್ತು ಅಂತ ಯಾರಪ್ಪ ಅಂದೋರು? ಐವತ್ತೆಂಟು!" ಬೀಡಿ ಸೆರಗಿನ ಗಂಟು ಸೇರುತ್ತದೆ. ದನಿ ಇನ್ನೂ ತಗ್ಗುತ್ತದೆ. "ನಾಕು ಬರ್ಕೋ."

ಅಷ್ಟರಲ್ಲಿ ಮಗ ಕಣ್ಣುಜ್ಜುತ್ತಾ ಬರುತ್ತಾನೆ. "ಏನ್ ಸಾ, ಇಷ್ಟೊತ್ಗೇ?"

"ನಿಮ್ಮ ತಾಯಿ ವಯಸ್ಸು ತಪ್ಪು ಬರ್ದಿದ್ದೆ. ತಿದ್ಕೊಂಡೆ ಕಣಪ್ಪ."

ಅಜ್ಜಿ ತಲೆ ಬಗ್ಗಿಸಿ, ಉರಿಯುತ್ತಿರುವ ಒಲೆಯನ್ನೇ ಮತ್ತೆ ಊದುತ್ತಾಳೆ.

ಬಸ್ಸಿಗೆ ಕಾಯುತ್ತಾ ಮಂಚಯ್ಯ ಪಟ್ಟಿಯನ್ನು ಚೀಲಕ್ಕೆ ಸೇರಿಸುತ್ತಾರೆ. "ಇದ್ನ ಓದೋರು ಯಾರೋ, ನಾ ಕಾಣೆ. ಬರೀ ಸೊನ್ನೆ ನೋಡುದ್ರೆ ಈ ಹೆಂಗಸ್ರ ಕೆಮ್ಮನ್ನ ಯಾರ್ ಕೇಳ್ತಾರೆ? ಆ ಅವ್ವನ ನಾಕು ಬೀಡಿ ಇದ್ರಾಗವೆ ಸಾ. ಅಷ್ಟು ಸಾಕು."