ಕಣಗಲಾದಲ್ಲಿ ತಪ್ಪಾಗಿ ಅಳೆದ ಅರವತ್ಮೂರು ಸೊಂಟಗಳು

2022ರಲ್ಲಿ ನಾನು ಹುಕ್ಕೇರಿಯ ಒಂದು ಲ್ಯಾಬಿನಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ. ಆ ವರ್ಷ ಕಣಗಲಾದ ಆರೋಗ್ಯ ತಪಾಸಣಾ ಶಿಬಿರದಲ್ಲಿ ಅರವತ್ಮೂರು ಗಂಡಸರನ್ನು ಪರೀಕ್ಷಿಸಿದೆವು. ಎತ್ತರ, ತೂಕ, ಸೊಂಟದ ಸುತ್ತಳತೆ, ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಜಿಜಿಟಿ ಎಂಬ ಕಿಣ್ವ, ಇಷ್ಟು ಸಿಕ್ಕರೆ ಫ್ಯಾಟಿ ಲಿವರ್, ಅಂದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ಕಾಯಿಲೆಯ ಸಂಭವವನ್ನು ಅಂದಾಜಿಸುವ ಸೂತ್ರವಿದೆ. ಅಂಕ ಮೂವತ್ತರೊಳಗಿದ್ದರೆ ಚಿಂತೆ ಕಡಿಮೆ. ಅರವತ್ತು ಮುಟ್ಟಿದರೆ ಸ್ಕ್ಯಾನಿಂಗ್ ಆಗಬೇಕು. ನಡುವಿನವರಿಗೆ ‘ಒಂದು ವರ್ಷದ ನಂತರ ಬನ್ನಿ’ ಎಂದು ಚೀಟಿ ಕೊಡುತ್ತಿದ್ದೆವು.

ಕುರಿ ಸಾಕುವ ಮಾಳಪ್ಪ ಅವರಿಗೆ 46 ಬಂದಿತ್ತು. ವಯಸ್ಸು 51, ಎತ್ತರ 165 ಸೆಂ.ಮೀ., ತೂಕ 68 ಕೆ.ಜಿ. ಕೊರಳಲ್ಲಿ ವಿಠ್ಠಲನ ತುಳಸಿಮಾಲೆ; ಅದನ್ನು ಹಾಕಿಕೊಂಡವರು ಹೆಂಡ ಮುಟ್ಟುವುದಿಲ್ಲ.

ವರ್ಷ ತುಂಬಿದ ಮೇಲೆ ಅವರು ಚೀಟಿ ಹಿಡಿದು ಲ್ಯಾಬಿಗೆ ಬಂದರು. ಟೇಪು ನಾನೇ ಹಿಡಿದೆ. ಅವರು ಅಂಗಿ ಎತ್ತಿ, ಹೊಟ್ಟೆಯ ಕೆಳಗೆ ಕಟ್ಟಿದ್ದ ಉಡದಾರದ ಮೇಲೆ ಬೆರಳಿಟ್ಟರು.

“ಇಲ್ಲೆ ಹಿಡೀರಿ ಸಾಹೇಬ್ರ. ಹೋದ ವರ್ಷ ನಿಮ್ಮ ಮಂದಿ ಎಲ್ಲಾರಿಗೂ ಇಲ್ಲೇ ಹಿಡಿದಿದ್ರು.”

ಅಲ್ಲಿ 82 ಸೆಂ.ಮೀ. ಇತ್ತು, ಹಿಂದಿನ ವರ್ಷದಷ್ಟೇ. ಆದರೆ ನಿಯಮದಂತೆ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಅಳೆಯಬೇಕು. ಅಲ್ಲಿ 98. ರಕ್ತದ ಅಂಕಿಗಳು ಬದಲಾಗಿರಲಿಲ್ಲ. ಅಂಕ ಮಾತ್ರ 67ಕ್ಕೆ ಏರಿತು. ಶಿಬಿರದ ಸಿಬ್ಬಂದಿಗೆ ತರಬೇತಿ ಕೊಟ್ಟವನು ನಾನು. ಸೊಂಟ ಅಳೆಯಿರಿ ಎಂದಿದ್ದೆನೇ ಹೊರತು ಎಲ್ಲಿ ಎಂದು ತೋರಿಸಿರಲಿಲ್ಲ.

ಗೋಕಾಕದಲ್ಲಿ ಸ್ಕ್ಯಾನಿಂಗ್ ಆಯಿತು. ಯಕೃತ್ತು ಗಡುಸಾಗಲು ಶುರುವಾಗಿತ್ತು. ಊಟ, ತೂಕ ಹತೋಟಿಗೆ ತಂದರೆ ತಡೆಯಬಹುದು ಎಂದರು ವೈದ್ಯರು. ಮಾಳಪ್ಪ ಅವರ ಚಿಂತೆ ಬೇರೆ.

“ಯಾರ ಮುಂದೂ ಹೇಳಬ್ಯಾಡ್ರಿ. ಮಾಲಿ ಹಾಕ್ಕೊಂಡು ಕದ್ದು ಕುಡೀತಾನ ಅಂತಾರ.”

“ಕುಡೀಲಾರದವ್ರಿಗೂ ಬರ್ತೈತಿ, ಮಾಳಪ್ಪಾರ.”

“ಅದು ನಿಮಗ ಗೊತ್ತ್ರಿ. ಊರಿಗೆ ಗೊತ್ತಿಲ್ಲ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮುಂದಿನ ವಾರ ಶಿಬಿರಕ್ಕೆ ಬಂದಿದ್ದವರನ್ನು ಕಣಗಲಾದ ಸಮುದಾಯ ಭವನಕ್ಕೆ ಕರೆಸಿದೆ. ಅಳತೆ ತಪ್ಪಾಗಿದೆ, ತಪ್ಪು ನನ್ನದು, ಲಿವರ್ ತಪಾಸಣೆಗಾಗಿ ಎಲ್ಲರನ್ನೂ ಮತ್ತೆ ಅಳೆಯಬೇಕು ಎಂದೆ. ಯಾರೂ ಏಳಲಿಲ್ಲ. ಮುಂದೆ ಕೂತಿದ್ದ ಹಿರಿಯರೊಬ್ಬರು ಸುತ್ತ ನೋಡಿದರು.

“ಲಿವರ್ ಹೋಗೂದು ಕುಡಕರದಪಾ. ಯಾವಾಂವ ಮೊದಲ ಅಂಗಿ ಎತ್ತಾಂವ?”

ಜನ ನಕ್ಕರು. ಹಿಂದಿನಿಂದ ಮಾಳಪ್ಪ ಎದ್ದು ಬಂದರು.

“ನಂದು ಕೆಟ್ಟೈತಿ, ಕಾಕಾ. ಹನಿ ಮುಟ್ಟಿಲ್ಲ; ಮಾಲಿ ಹಿಡದು ಹೇಳತೇನಿ. ಅಳೀರಿ ಸಾಹೇಬ್ರ, ಎಲ್ಲಾರೂ ನೋಡ್ಲಿ.”

ನಗು ನಿಂತಿತು. ಆ ಹಿರಿಯರೇ ಎದ್ದರು. “ಸರಿ ಸರಿ, ನಂದೂ ನೋಡ್ರಿ.”

ಎರಡು ವಾರಗಳಲ್ಲಿ ಅರವತ್ತೆರಡು ಮಂದಿಯ ಅಳತೆ ಮುಗಿಯಿತು. ಮಾಳಪ್ಪ ಅವರಲ್ಲದೆ ಇನ್ನೂ ಎಂಟು ಮಂದಿಯ ಅಂಕ ಅರವತ್ತು ದಾಟಿತ್ತು. ಪಟ್ಟಿಯಲ್ಲಿದ್ದ ಒಬ್ಬರು ಮಳೆಗಾಲದಲ್ಲಿ ತೀರಿಕೊಂಡಿದ್ದರು; ಕಾಮಣಿ, ಅಂದರೆ ಜಾಂಡೀಸ್, ಆಗಿತ್ತು ಎಂದರು ಮನೆಯವರು. ಸರಿಯಾಗಿ ಅಳೆದಿದ್ದರೆ ಉಳಿಯುತ್ತಿದ್ದರೇ ಎಂಬುದು ಗೊತ್ತಿಲ್ಲ. ಉಳಿಯುತ್ತಿರಲಿಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ.

ಸೂತ್ರ ಸರಿಯಿತ್ತು, ಯಂತ್ರವೂ ಸರಿಯಿತ್ತು. ಅಂಕಿ ಹುಟ್ಟುವ ಜಾಗದಲ್ಲಿ, ಟೇಪು ಹಿಡಿದವರ ಪಕ್ಕದಲ್ಲಿ, ನಾನು ನಿಂತಿರಲಿಲ್ಲ. ತಪ್ಪನ್ನು ಲ್ಯಾಬಿನ ಕಂಪ್ಯೂಟರಿನಲ್ಲಿ ತಿದ್ದಿದರೆ ಸಾಲದು, ಚೀಟಿ ಹೋದ ಮನೆಗೇ ಹೋಗಿ ಒಪ್ಪಿಕೊಳ್ಳಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ತೀರಿಕೊಂಡವರ ಮನೆಗೂ ಹೋದೆ. ಅವರ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡರು.

“ವರ್ಷ ಮೊದಲ ಬರಬೇಕಿತ್ರಿ ನೀವು,” ಎಂದರು.